ಟೇಪ್ ಎಳೆದ ಹೊತ್ತು ಬರೆದಿಡು

ಪ್ರೀತಿಯ ಪುಟ್ಟಿ,

ಆಶೀರ್ವಾದಗಳು. ನೀನು ಕಳಿಸಿದ ಆರೂ ಗ್ರಾಫ್ ನೋಡಿದೆ. ವೋಲ್ಟೇಜ್ ಏರಿಸಿ ಇಳಿಸಿ ಕರೆಂಟ್ ಅಳೆದದ್ದು. ವಿದ್ಯುದ್ವಾರವಾಗಿ ಒಂದೇ ಗ್ರಾಫೈಟ್ ತುಂಡು, ಎಲೆಕ್ಟ್ರಾನ್ ಕೊಟ್ಟು ಪಡೆಯುವ ಒಂದೇ ಫೆರೋಸಯನೈಡ್ ಉಪ್ಪಿನ ದ್ರಾವಣ. ಆದರೂ ಒಂದರಲ್ಲಿ ಎರಡು ಪೀಕ್‌ಗಳ ನಡುವೆ 70 ಮಿಲಿವೋಲ್ಟ್, ಇನ್ನೊಂದರಲ್ಲಿ 300. ಅಂತರ ದೊಡ್ಡದಾದರೆ ಸಾಮಾನ್ಯವಾಗಿ ಎಲೆಕ್ಟ್ರಾನ್ ವರ್ಗಾವಣೆ ನಿಧಾನ ಅಂತ ಅರ್ಥ. "ನನ್ನ ಕೈಗುಣವೇ ಸರಿಯಿಲ್ಲ ಮಾವ" ಅಂತ ಬರೆದಿದ್ದೀಯ. ಕೈ ಸರಿಯಾಗೇ ಇದೆ ಮಾರಾಯ್ತಿ. ಗ್ರಾಫೈಟಿನ ಮೇಲ್ಪದರ ಕೀಳಲು ಅಂಟು ಟೇಪ್ ಎಳೆದದ್ದು ಎಷ್ಟು ಹೊತ್ತಿಗೆ, ದ್ರಾವಣ ತಾಗಿದ್ದು ಎಷ್ಟು ಹೊತ್ತಿಗೆ ಅಂತ ನೀನು ಬರೆದಿಟ್ಟಿಲ್ಲ, ಅಷ್ಟೇ.

ಟೇಪ್ ಅಂಟಿಸಿ, ಬೆರಳಲ್ಲಿ ಮೆಲ್ಲಗೆ ಒತ್ತಿ ಎಳೆದಾಗ ಒಂದು ತೆಳು ಬೂದು ಪೊರೆ ಟೇಪಿಗೆ ಬರುತ್ತದೆ, ಕೆಳಗೆ ಕನ್ನಡಿಯಂಥ ಮುಖ ಕಾಣುತ್ತದೆ. ಆ ಮುಖಕ್ಕೆ ಆಯಸ್ಸು ಕಡಿಮೆ. ಗಾಳಿಯಲ್ಲಿರುವ ಎಣ್ಣೆಯಂಶ ನಿಮಿಷಗಳಲ್ಲೇ ಅದರ ಮೇಲೆ ಕೂರುತ್ತದೆ. ಆಗ ತಾನೇ ಎಳೆದ ಗ್ರಾಫೈಟ್ ಮೇಲೆ ನೀರ ಹನಿ ಸುಮಾರು 65 ಡಿಗ್ರಿ ಕೋನದಲ್ಲಿ ಹರಡಿ ಕೂತರೆ, ಗಾಳಿಗೆ ಬಿಟ್ಟ ಮುಖದ ಮೇಲೆ 90ರ ಹತ್ತಿರ ಉಂಡೆಯಾಗಿ ನಿಲ್ಲುತ್ತದೆ. ನಾವು ಗ್ರಾಫೈಟ್ ನೀರಿಗೆ ಒಗ್ಗುವುದಿಲ್ಲ ಅಂತ ಓದಿಕೊಂಡು ಬಂದದ್ದರಲ್ಲಿ ಅರ್ಧ ಈ ಕೊಳೆಯ ಗುಣ, ಗ್ರಾಫೈಟಿನದ್ದಲ್ಲ.

ನನ್ನ ಕಥೆ ಕೇಳು. ಸಂಜೆ ಟೇಪ್ ಎಳೆದು, ಸೆಲ್ ಜೋಡಿಸಿ, ಮೇಲೊಂದು ಬೀಕರ್ ಬೋರಲು ಹಾಕಿ ಮನೆಗೆ ಹೋಗುತ್ತಿದ್ದೆ. ಬೆಳಿಗ್ಗೆ ಅಳೆಯುತ್ತಿದ್ದೆ. ನಾಲ್ಕು ತಿಂಗಳು! ಎಲ್ಲದರಲ್ಲೂ ಎಲೆಕ್ಟ್ರಾನ್ ವರ್ಗಾವಣೆ ನಿಧಾನ. ಆಗೆಲ್ಲ ಪದರದ ಸಪಾಟು ಮುಖ ಸತ್ತಂತೆ, ಕೆಲಸವೆಲ್ಲ ಪದರ ಮುಗಿಯುವ ಅಂಚುಗಳದ್ದು ಎಂಬ ಮಾತೇ ಚಾಲ್ತಿಯಲ್ಲಿತ್ತು. ನನ್ನ ರೀಡಿಂಗ್ ಅದಕ್ಕೆ ಸರಿಹೊಂದಿತು, ಹಾಗಾಗಿ ಯಾರೂ ಏನೂ ಕೇಳಲಿಲ್ಲ, ನಾನೂ ಕೇಳಿಕೊಳ್ಳಲಿಲ್ಲ. ತಪ್ಪು ಉತ್ತರ ಎಲ್ಲರ ನಂಬಿಕೆಗೆ ಹೊಂದಿಬಿಟ್ಟರೆ ಅದನ್ನು ಹಿಡಿಯುವುದು ಬಲು ಕಷ್ಟ.

ಆಮೇಲೆ ವಾರ್ವಿಕ್ ವಿಶ್ವವಿದ್ಯಾಲಯದವರು ಸಣ್ಣ ಪಿಪೆಟ್ ತುದಿಯ ಹನಿಯನ್ನೇ ಸೆಲ್ ಮಾಡಿಕೊಂಡು ಮೇಲ್ಮೈಯ ಒಂದೊಂದು ಜಾಗವನ್ನೂ ಮುಟ್ಟಿ ಅಳೆದರು. ಹೊಸ ಮುಖದಲ್ಲಿ ಸಪಾಟು ಜಾಗವೂ ಚುರುಕಾಗಿಯೇ ಇತ್ತು. ಗ್ರಾಫೈಟಿನ ದರ್ಜೆ ಬದಲಾಗಿ ಅಂಚುಗಳ ಪಾಲು ನೂರು ಪಟ್ಟು ಹೆಚ್ಚುಕಮ್ಮಿ ಆದರೂ ವೇಗ ಆ ಪ್ರಮಾಣದಲ್ಲಿ ಬದಲಾಗಲಿಲ್ಲ. ಹಾಗಂತ ಅಂಚಿಗೆ ಕೆಲಸವೇ ಇಲ್ಲ ಅಂದುಕೊಳ್ಳಬೇಡ. ನೀರಿನಲ್ಲಿರುವ ಬರೀ ಕಬ್ಬಿಣದ ಅಯಾನು ಅಂಚಿನ ಕಾರ್ಬೊನಿಲ್ (ಕಾರ್ಬನ್-ಆಮ್ಲಜನಕ) ಗುಂಪುಗಳ ನೆರವಿಲ್ಲದೆ ಚುರುಕಾಗುವುದಿಲ್ಲ. ಯಾವ ಅಣು ಅನ್ನುವುದರ ಮೇಲೆ ಉತ್ತರ ನಿಂತಿದೆ.

ಅದಕ್ಕೇ ಬರೀ ಫೆರೋಸಯನೈಡ್ ನಂಬಬೇಡ, ಅದಕ್ಕೆ ಮೂಗಿನ ತುದಿಯಲ್ಲೇ ಕೋಪ. ರುಥೇನಿಯಂ ಹೆಕ್ಸಾಮೀನ್ ಎಂಬ ಇನ್ನೊಂದು ಉಪ್ಪಿನ ದ್ರಾವಣದಲ್ಲೂ ಬೇರೆಯಾಗಿ ಅಳೆದು ನೋಡು, ಅದು ಕೊಳೆಗೆ ಅಷ್ಟು ಬೇಗ ಮುನಿಸಿಕೊಳ್ಳುವುದಿಲ್ಲ. ಎರಡೂ ಕೆಟ್ಟಿದ್ದರೆ ಮೊದಲು ವೈರಿಂಗ್ ನೋಡು, ಕರೆಂಟಿಗೆ ಅಡ್ಡಿಯಾಗುವ ರೋಧ ನೋಡು. ದ್ರಾವಣದಲ್ಲಿ ಫೆರೋಸಯನೈಡನ್ನು ಹತ್ತನೇ ಒಂದು ಪಾಲಿಗೆ ಇಳಿಸು, ಹಿನ್ನೆಲೆಯ ಉಪ್ಪು ಅಷ್ಟೇ ಇರಲಿ. ಪೀಕ್‌ಗಳು ಹತ್ತಿರ ಬಂದರೆ ದೋಷ ರೋಧದ್ದು. ವರ್ಗಾವಣೆಯೇ ನಿಧಾನವಾಗಿದ್ದರೆ ಅಂತರ ಹಾಗೇ ಇರುತ್ತದೆ. ಧಾರಕತೆಯನ್ನೂ, ಅಂದರೆ ಮುಖ ಎಷ್ಟು ವಿದ್ಯುದಂಶ ಹಿಡಿದಿಡುತ್ತದೆ ಅನ್ನುವುದನ್ನೂ, ಅಳೆ: ಒಳ್ಳೆಯ ಸಪಾಟು ಮುಖ ಚದರ ಸೆಂಟಿಮೀಟರಿಗೆ 2–3 ಮೈಕ್ರೋಫ್ಯಾರಡ್ ಕೊಡುತ್ತದೆ. ತುಂಬಾ ಜಾಸ್ತಿ ಬಂದರೆ ಟೇಪ್ ಎಳೆಯುವಾಗ ಮುಖ ಹರಿದಿದೆ ಅಂತಲೇ ತಿಳಿ.

ಮುಂದಿನ ವರ್ಷ ಗ್ರಾಫೀನ್‌ಗೆ, ಅಂದರೆ ಗ್ರಾಫೈಟಿನ ಒಂದೇ ಪದರಕ್ಕೆ, ಹೋಗುತ್ತೀಯಂತೆ. ಹೋಗು. 2004ರಲ್ಲಿ ಮ್ಯಾಂಚೆಸ್ಟರ್‌ನಲ್ಲಿ ಗೈಮ್, ನೊವೊಸೆಲೊವ್ ಅದನ್ನು ಬೇರೆ ಮಾಡಿದ್ದೂ ಟೇಪಿನಿಂದಲೇ, 2010ರಲ್ಲಿ ನೊಬೆಲ್ ಬಂತು. ಆದರೆ ನಿನ್ನ ಕೈಗೆ ಬರುವುದು ತಾಮ್ರದ ಹಾಳೆಯ ಮೇಲೆ ಬೆಳೆಸಿ, ಪ್ಲಾಸ್ಟಿಕ್ ಪದರ ಹಚ್ಚಿ ಎತ್ತಿದ ಹಾಳೆ. ಪ್ಲಾಸ್ಟಿಕ್ಕಿನ ಚೂರು, ತಾಮ್ರದ ಕಣ ಎರಡೂ ಉಳಿಯುತ್ತವೆ. ಒಂದು ಪರಮಾಣು ದಪ್ಪದ ಹಾಳೆಯಲ್ಲಿ ಅಷ್ಟು ಕೊಳೆಯೇ ಜಾಸ್ತಿ, ಅಲ್ವಾ? ಗ್ರಾಫೀನ್ ಅದ್ಭುತ ವೇಗವರ್ಧಕ ಅನ್ನುವ ಫಲಿತಾಂಶ ಬಂದ ದಿನ ಖುಷಿಪಡುವ ಮೊದಲು ತಾಮ್ರ ಹುಡುಕು. ಆಮ್ಲದಲ್ಲಿ ಹೈಡ್ರೋಜನ್ ಬಿಡಿಸುವ ಪ್ರಯೋಗವಾದರೆ ಎದುರು ವಿದ್ಯುದ್ವಾರವಾಗಿ ಪ್ಲಾಟಿನಂ ತಂತಿ ಇಡಲೇಬೇಡ. ಅದು ಕರಗಿ ನಿನ್ನ ಹಾಳೆಯ ಮೇಲೆ ಕೂತು, ತಾನೇ ಹೈಡ್ರೋಜನ್ ಬಿಡಿಸಿ, ಸುಮ್ನೆ ನಿನಗೆ ಹೆಸರು ತಂದುಕೊಡುತ್ತದೆ.

ಈ ವಾರ ಇಷ್ಟು ಮಾಡು. ಒಂದೇ ತುಂಡು, ಟೇಪ್ ಎಳೆದ 1 ನಿಮಿಷಕ್ಕೆ, 1 ಗಂಟೆಗೆ, ಮರುದಿನ ಅಳೆ. ಪ್ರತಿ ಅಳತೆಗೂ ಮುಖವನ್ನು ಹೊಸದಾಗಿ ಎಳೆದು, ಅಷ್ಟು ಹೊತ್ತು ಗಾಳಿಗೆ ಬಿಟ್ಟು, ಆಮೇಲೆ ಅಳೆ. ಮೂರೂ ಗ್ರಾಫ್ ಮೇಲೆ ಹೊತ್ತು ಬರೆದು ಕಳಿಸು. ಹಳೆಯ ಆರನ್ನು ಎಸೆಯಬೇಡ, ಅವುಗಳ ಫೈಲ್‌ನಲ್ಲಿ ಹೊತ್ತು ಉಳಿದಿರುತ್ತದೆ, ಟೇಪ್ ಎಳೆದದ್ದು ನೆನಪಾದರೆ ಲೆಕ್ಕ ಹಾಕಬಹುದು.

ನಿನ್ನ ಮಾವ