ಗಾಜಿನ ಡಬ್ಬಿ ಸದ್ಯಕ್ಕೆ ಬೇಡ

ಆಮ್‌ಸ್ಟರ್‌ಡ್ಯಾಮ್
ಭಾನುವಾರ ಸಂಜೆ

ಪ್ರೀತಿಯ ಅವ್ವಾ,

ನಮಸ್ಕಾರ. ನಾನು ಆರಾಮ ಇದ್ದೇನೆ. ಅಪ್ಪನ ಮೊಣಕಾಲು ನೋವು ಹೇಗಿದೆ?

ಮೊನ್ನೆ ಫೋನಿನಲ್ಲಿ ನೀನು ಹೇಳಿದ್ದು ತಲೆಯಲ್ಲೇ ಉಳಿದಿದೆ. ಪರಿಸರಕ್ಕೆ ಒಳ್ಳೆಯದು ಅಂತ ತಂಗಿ ಅಡುಗೆಮನೆಯ ಪ್ಲಾಸ್ಟಿಕ್ ಡಬ್ಬಿ ಎಲ್ಲ ತೆಗೆದುಹಾಕಿ ಗಾಜಿನವು ತರಿಸೋಣ ಅಂತಿದ್ದಾಳೆ, ಅಲ್ವಾ? ಅವಳ ಕಾಳಜಿ ದೊಡ್ಡದು. ಆದರೆ ಸ್ವಲ್ಪ ತಡೆಯಿರಿ. ಇಲ್ಲಿಗೆ ಬಂದ ಮೊದಲ ವರ್ಷ ನಾನೂ ಇದನ್ನೇ ಮಾಡಿದೆ. ಬಿದಿರಿನ ಬ್ರಷ್, ಸ್ಟೀಲ್ ಸ್ಟ್ರಾ, ಕಂಡ ಕಂಡ ಅಂಗಡಿಯ ಹತ್ತಿ ಚೀಲ. ಇವತ್ತು ಎಣಿಸಿದೆ, ಒಂಬತ್ತು ಚೀಲ ಇವೆ. ಬಳಸುವುದು ಎರಡೇ.

ಇಂಗ್ಲೆಂಡಿನ ಪರಿಸರ ಇಲಾಖೆ 2011ರಲ್ಲಿ ಒಂದು ಲೆಕ್ಕ ಹಾಕಿತ್ತು. ಒಂದೇ ಸಲ ಬಳಸಿ ಬಿಸಾಡುವ ತೆಳು ಪ್ಲಾಸ್ಟಿಕ್ ಚೀಲಕ್ಕಿಂತ ಹತ್ತಿ ಚೀಲ ಭೂಮಿಯನ್ನು ಕಡಿಮೆ ಬಿಸಿ ಮಾಡಬೇಕಾದರೆ, ಅದನ್ನು 131 ಸಲ ಬಳಸಬೇಕಂತೆ. ಹತ್ತಿ ಬೆಳೆಯುವ ಗೊಬ್ಬರ, ನೀರು, ಆಮೇಲೆ ನೂಲು, ನೇಯ್ಗೆ, ಎಲ್ಲ ಖರ್ಚೂ ಚೀಲ ಕೈಗೆ ಬರುವ ಮೊದಲೇ ಆಗಿಹೋಗಿರುತ್ತದೆ. ಪ್ಲಾಸ್ಟಿಕ್ ಚರಂಡಿಗೆ, ದನದ ಹೊಟ್ಟೆಗೆ ಸೇರುವುದು ಬೇರೆ ಸಂಕಟ, ಅದು ನಿಜ. ಆದರೂ ಇದನ್ನು ಓದಿದಾಗ ಅಪ್ಪನ ಹಳೇ ಪ್ಯಾಂಟಿನಿಂದ ನೀನು ಹೊಲಿದ ಸಂತೆ ಚೀಲ ನೆನಪಾಯಿತು. ಹಿಡಿಕೆ ಎರಡು ಸಲ ಕಿತ್ತಿತ್ತು, ಎರಡು ಸಲವೂ ನೀನೇ ಹಾಕಿದೆ. ನಾನು ಹೈಸ್ಕೂಲಿನಲ್ಲಿದ್ದಾಗಿನಿಂದ ಅದು ಸಂತೆಗೆ ಹೋಗುತ್ತಿದೆ.

ಇನ್ನೊಂದು ಸುದ್ದಿ. ನೀನು ಕೊಟ್ಟ ಮಿಕ್ಸರ್ ನಿಂತುಹೋಗಿತ್ತು. ಇಲ್ಲಿ ಒಂದು ಅಂಗಡಿಯಲ್ಲಿ ಬಿಚ್ಚಿ ಕೂಡ ನೋಡದೆ ಹೊಸದು ತಗೊಳ್ಳಿ ಅಂದರು. ನಿನ್ನೆ ಅದನ್ನು ರಿಪೇರ್ ಕೆಫೆಗೆ ಒಯ್ದೆ. ಮಾರ್ಟಿನೆ ಪೋಸ್ಟ್‌ಮಾ ಅನ್ನುವವರು 2009ರಲ್ಲಿ ಇದೇ ಊರಲ್ಲಿ ಶುರು ಮಾಡಿದ್ದು, ಈಗ ಎಷ್ಟೋ ದೇಶಗಳಲ್ಲಿದೆ. ರಿಪೇರಿ ಗೊತ್ತಿರುವವರು ಸಂಬಳ ಇಲ್ಲದೆ ಬಂದು ಕೂರುತ್ತಾರೆ. ನಾವು ಸುಮ್ನೆ ಕೊಟ್ಟು ಬರುವ ಹಾಗಿಲ್ಲ, ಪಕ್ಕದಲ್ಲೇ ಕೂತು ಕೈ ಹಚ್ಚಬೇಕು.

ಅಜ್ಜ ಒಬ್ಬರು ತಳದ ಸ್ಕ್ರೂ ಬಿಚ್ಚಿದರು. ಒಳಗೆ ಯಾವತ್ತಿನದೋ ಕೊಬ್ಬರಿ ಚಟ್ನಿ ಒಣಗಿ ಅಂಟಿತ್ತು. ಮೋಟಾರಿನ ತಿರುಗುವ ಭಾಗಕ್ಕೆ ಕರೆಂಟ್ ಮುಟ್ಟಿಸುವ ಕಾರ್ಬನ್ ಬ್ರಷ್ ಸವೆದು ಕಡಲೆಬೇಳೆಯಷ್ಟಾಗಿತ್ತು. ಅದೇ ಅಳತೆಯದು ಅವರ ಹತ್ತಿರ ಇರಲಿಲ್ಲ. ಕೆಟ್ಟ ಡ್ರಿಲ್ ಮಷೀನಿನಿಂದ ದಪ್ಪನೆಯ ಜೋಡಿ ತೆಗೆದು, ಪಾಲಿಶ್ ಪೇಪರ್ ಮೇಲೆ ಉಜ್ಜಿ, ಕೂರಿಸಿ ನೋಡಿ, ಮತ್ತೆ ಉಜ್ಜಿದರು. ಒಂದನ್ನು ಉಜ್ಜಿದ್ದು ನಾನು. ಬೆರಳೆಲ್ಲ ಕಾಡಿಗೆ ಮುಟ್ಟಿದ ಹಾಗೆ ಕಪ್ಪು. ಸ್ವಿಚ್ ಹಾಕಿದ ಕೂಡಲೇ ಗುರ್ ಅಂತ ತಿರುಗಿತು ನೋಡವ್ವಾ, ನಮ್ಮ ಅಡುಗೆಮನೆಯ ಅದೇ ಸದ್ದು. ನನಗೆ ಕಣ್ಣಲ್ಲಿ ನೀರು ಬಂತು.

ಧಾರವಾಡದಲ್ಲಾದರೆ ಮಿಕ್ಸರ್ ರಿಪೇರಿಯವರು ಹತ್ತು ನಿಮಿಷದಲ್ಲಿ ಮುಗಿಸಿ ಕೊಡುತ್ತಿದ್ದರು. ಅಂಥ ಅಂಗಡಿಗಳು ಇನ್ನೂ ಇರುವಾಗ ನಾವು ಹೊಸದರ ಹಿಂದೆ ಬೀಳಬಾರದು.

ತಂಗಿಗೆ ಹೇಳು. ಬಿಸಿ ಸಾರು, ಎಣ್ಣೆ ಪ್ಲಾಸ್ಟಿಕ್‌ನಲ್ಲಿ ಬೇಡ, ಸರಿ. ರವೆ, ಕಾಳು, ಅವಲಕ್ಕಿಗೆ ಇರುವ ಡಬ್ಬಿಯೇ ಸಾಕು, ಒಡೆದಾಗ ನೋಡೋಣ. ಅಟ್ಟದ ಮೇಲೆ ಅಜ್ಜಿಯ ಸ್ಟೀಲ್ ಡಬ್ಬಿಗಳಿವೆಯಲ್ಲ, ಅವನ್ನು ಇಳಿಸಿ ತೊಳೆಯಲಿ.

ಉಳಿದ ಏಳು ಚೀಲ ಬಿಚ್ಚಿ ಒಂದು ಸಣ್ಣ ಕೌದಿ ಹೊಲಿಯಬೇಕು ಅಂತಿದ್ದೇನೆ. ಮೇಲಕ್ಕೆ ನಿನ್ನ ಹಳೇ ಇಳಕಲ್ ಸೀರೆ, ಅಂಚು ಹರಿದದ್ದು. ಎಷ್ಟು ಪದರ ಹಾಕಲಿ? ಹೊಲಿಗೆ ಅಂಚಿನಿಂದ ಶುರು ಮಾಡಲೋ, ನಡುವಿನಿಂದಲೋ? ಮುಂದಿನ ಭಾನುವಾರ ಸೂಜಿ ದಾರ ಹಿಡಿದುಕೊಂಡೇ ಫೋನ್ ಮಾಡುತ್ತೇನೆ.

ನಿನ್ನ ಮಗಳು