ಮಗು ಹುಟ್ಟಿದ ದಿನದಿಂದಲೇ ದಿನ ಎಣಿಸಿ

ಮಾನ್ಯ ಸಂಪಾದಕರೇ,

ಮಗಳ ಬಾಣಂತನಕ್ಕೆಂದು ಅಮೆರಿಕದ ನಾರ್ತ್ ಕೆರೊಲಿನಾಗೆ ಹೋಗಿ ಇತ್ತೀಚೆಗೆ ಮೈಸೂರಿಗೆ ವಾಪಸ್ ಬಂದೆ. ಮಕ್ಕಳು ಅಲ್ಲಿರುವ ಎಲ್ಲ ಅಪ್ಪ ಅಮ್ಮಂದಿರಿಗೆ ಅಲ್ಲಿನ ಆರೋಗ್ಯ ವಿಮೆಗೆ ಸೇರುವ ಗಡುವಿನ ಬಗ್ಗೆ ಒಂದು ವಿಷಯ ಹೇಳಬೇಕು ಅನಿಸಿ ಬರೆಯುತ್ತಿದ್ದೇನೆ.

ಮಗು ಹುಟ್ಟಿದ ಮೂರನೇ ದಿನ ಕಾಮಾಲೆ ಅಂತ ಎರಡು ದಿನ ಲೈಟಿನ ಕೆಳಗೆ ಮಲಗಿಸಿದರು. ವಾಸಿಯಾಯಿತು. ಆಮೇಲೆ ಎಣ್ಣೆನೀರು, ಪಥ್ಯ, ನಿದ್ದೆಗೆಟ್ಟ ರಾತ್ರಿಗಳು. ದಿನ ಹೋದದ್ದೇ ಗೊತ್ತಾಗಲಿಲ್ಲ. ಅಳಿಯಂದಿರು ಮಗುವನ್ನು ಆಫೀಸಿನ ಆರೋಗ್ಯ ವಿಮೆಗೆ ಸೇರಿಸಲು ಕೇಳಿದಾಗ 34ನೇ ದಿನ. ಗಡುವು 30 ದಿನಕ್ಕೇ ಮುಗಿದಿತ್ತು. ಇನ್ನು ವರ್ಷಕ್ಕೊಮ್ಮೆ ನಡೆಯುವ ನೋಂದಣಿಗೇ ಬನ್ನಿ ಅಂದುಬಿಟ್ಟರು. ಅಷ್ಟರಲ್ಲಿ ಆಸ್ಪತ್ರೆಯ ಬಿಲ್ಲು ಮಗುವಿನ ಹೆಸರಿಗೇ ಬಂದಿತ್ತು. ತಾಯಿಗೆ ವಿಮೆ ಇದ್ದರೆ ಮಗುವಿಗೂ ಇದ್ದ ಹಾಗೆ ಅಂತ ನಾವೆಲ್ಲ ನಂಬಿದ್ದೆವು.

ಪಕ್ಕದ ಬೀದಿಯ ಕನ್ನಡದ ಹುಡುಗಿಯೊಬ್ಬಳು ದಾರಿ ತೋರಿಸಿದಳು. ವಿಮೆ ಕೊಳ್ಳಲು ಸರ್ಕಾರವೇ ನಡೆಸುವ ಜಾಲತಾಣ ಹೆಲ್ತ್‌ಕೇರ್ ಡಾಟ್ ಗವ್‌ನಲ್ಲಿ ಮಗು ಹುಟ್ಟಿ 60 ದಿನದವರೆಗೆ ಸೇರಿಸಬಹುದು, ವಿಮೆ ಹುಟ್ಟಿದ ದಿನದಿಂದಲೇ ಜಾರಿಗೆ ಬರುವ ಹಾಗೆ ಮಾಡಿಸಿಕೊಳ್ಳಬಹುದು. ಆ ಆಸ್ಪತ್ರೆ ಒಪ್ಪುವ ಪಾಲಿಸಿಯನ್ನೇ ಹುಡುಕಿ ತೆಗೆದುಕೊಂಡರು. ಸಬ್ಸಿಡಿ ಸಿಗಲಿಲ್ಲ, ಕಂತು ಪೂರ್ತಿ ಕಟ್ಟಬೇಕಾಯಿತು. ಆದರೂ ಹೋದ ಜೀವ ಬಂದ ಹಾಗಾಯಿತು.

ಅಲ್ಲಿ ಬೇಕೆಂದಾಗ ವಿಮೆಗೆ ಸೇರಲು ಆಗುವುದಿಲ್ಲ. ಸರ್ಕಾರದ ತಾಣದಲ್ಲಿ ಎಲ್ಲರಿಗೂ ಬಾಗಿಲು ತೆರೆಯುವುದು ನವೆಂಬರ್ 1ಕ್ಕೆ. ಉಳಿದ ದಿನಗಳಲ್ಲಿ ಮದುವೆ, ಹೆರಿಗೆ, ಕೆಲಸ ಹೋಗಿ ವಿಮೆ ತಪ್ಪುವುದು, ಬೇರೆ ದೇಶದಿಂದ ಬಂದು ನೆಲೆಸುವುದು, ಇಂಥ ಕಾರಣ ಬೇಕು. ಕಾಯಿಲೆ ಬಂತು ಅನ್ನುವುದು ಕಾರಣವಲ್ಲ. ಕಂತು ಕಟ್ಟದೆ ವಿಮೆ ಕಳೆದುಕೊಂಡರೂ ನಡೆಯುವುದಿಲ್ಲ. ಆದಾಯ ಕಡಿಮೆ ಇದ್ದವರ ಸರ್ಕಾರಿ ವಿಮೆ ಮೆಡಿಕೈಡ್‌ಗೆ ಮಾತ್ರ ಅರ್ಹತೆ ಇದ್ದರೆ ವರ್ಷವಿಡೀ ಅರ್ಜಿ ಹಾಕಬಹುದು.

ನಮ್ಮವರು ಜಾಸ್ತಿ ಎಡವುವುದು ಮದುವೆಯಲ್ಲಿ. ಮದುವೆ ಇಲ್ಲಿ ಆಗುತ್ತದೆ, ಹುಡುಗ ಹದಿನೈದು ದಿನಕ್ಕೆ ವಾಪಸ್ ಹೋಗುತ್ತಾನೆ. ಹುಡುಗಿಗೆ ವೀಸಾ ಆಗುವಷ್ಟರಲ್ಲಿ ತಿಂಗಳುಗಳೇ ಕಳೆದಿರುತ್ತವೆ. ಎಷ್ಟೋ ಆಫೀಸುಗಳಲ್ಲಿ 30 ದಿನದ ಲೆಕ್ಕ ಮದುವೆಯ ದಿನದಿಂದ ಶುರು, ಅವಳು ವಿಮಾನ ಇಳಿದ ದಿನದಿಂದಲ್ಲ. ಹೊರಡುವ ಮುಂಚೆಯೇ ಹುಡುಗನ ಆಫೀಸಿನಲ್ಲಿ ಬರವಣಿಗೆಯಲ್ಲಿ ಕೇಳಿಸಿ. ಆ ಗಡುವು ತಪ್ಪಿದ್ದರೂ, ಅಲ್ಲಿಗೆ ಹೋಗಿ ನೆಲೆಸಿದ 60 ದಿನದೊಳಗೆ ಸರ್ಕಾರದ ತಾಣದಲ್ಲಿ ಸೇರಬಹುದು. ಮದುವೆಯ ನೋಂದಣಿ ಪತ್ರ, ಪಾಸ್‌ಪೋರ್ಟ್ ಕೈಯಲ್ಲೇ ಇರಲಿ.

ಕೆಲಸ ಹೋದವರ ಪಾಡು ಇನ್ನೂ ಕಷ್ಟ. ಎಚ್-1ಬಿ ವೀಸಾದವರಿಗೆ ಬೇರೆ ಕೆಲಸ ಹುಡುಕಲು ಹೆಚ್ಚೆಂದರೆ 60 ದಿನ. ವಿಮೆ ತಪ್ಪಿದ ಮೇಲೆ ಹೊಸದಕ್ಕೆ ಸೇರಲೂ 60 ದಿನ. ವೀಸಾ ಚಿಂತೆಯಲ್ಲಿ ವಿಮೆ ಮರೆತೇಹೋಗುತ್ತದೆ, ಅಲ್ವಾ? ಕೋಬ್ರಾ ಅನ್ನುವ ಕಾನೂನಿನಡಿ ಹಳೆಯ ಆಫೀಸಿನ ವಿಮೆಯನ್ನೇ ಸಾಮಾನ್ಯವಾಗಿ 18 ತಿಂಗಳು ಮುಂದುವರಿಸಬಹುದು. ಆದರೆ ಕಂಪನಿ ಕಟ್ಟುತ್ತಿದ್ದ ಪಾಲೂ ನಮ್ಮ ತಲೆಗೇ ಬೀಳುತ್ತದೆ, ಒಟ್ಟು ಕಂತಿನ ಶೇ 102ರವರೆಗೆ.

ಅಮೆರಿಕದ ಕನ್ನಡಿಗರ ‘ಅಕ್ಕ’, ‘ನಾವಿಕ’ ಸಂಘಟನೆಗಳು ಮತ್ತು ಊರೂರಿನ ಕನ್ನಡ ಕೂಟಗಳು ಈ ಗಡುವುಗಳನ್ನು ಒಂದೇ ಹಾಳೆಯಲ್ಲಿ ಕನ್ನಡದಲ್ಲಿ ಅಚ್ಚು ಹಾಕಿಸಿ ಹೊಸಬರಿಗೆ ಕೊಡಲಿ. ಯುಗಾದಿಗೋ ರಾಜ್ಯೋತ್ಸವಕ್ಕೋ ಎಲ್ಲರೂ ಸೇರುತ್ತಾರಲ್ಲ, ಆಗ ಹಂಚಬಹುದು. ತಮ್ಮ ಪತ್ರಿಕೆಯೂ ಪ್ರತಿ ವರ್ಷ ಅಕ್ಟೋಬರ್ ಕೊನೆಯಲ್ಲಿ ಇದನ್ನು ಒಂದು ಸಲ ಪ್ರಕಟಿಸಬೇಕೆಂದು ಕೇಳಿಕೊಳ್ಳುತ್ತೇನೆ.

– ನಿವೃತ್ತ ಶಿಕ್ಷಕಿ, ಮೈಸೂರು