ಸ್ನಾನದ ಮನೆಯ ಕೆಳದನಿ

ಪ್ರೀತಿಯ ಮಗಳೇ,

ನಾಳೆ ಬೆಳಿಗ್ಗೆ ನೀನು ಓದುವುದಕ್ಕೆ ಜಪಾನಿನ ಉತ್ತರದ ಸಪ್ಪೊರೊಗೆ ಹೊರಡುತ್ತೀಯ. ಪಕ್ಕದ ಕೋಣೆಯಲ್ಲಿ ಮಲಗಿರುವವಳಿಗೆ ಪತ್ರ ಬರೆಯುವುದು ವಿಚಿತ್ರವೆಂದು ನನಗೂ ಗೊತ್ತು. ಆದರೆ ಮೊನ್ನೆ ರಾತ್ರಿ ಅಡುಗೆಮನೆಯಲ್ಲಿ ಆದ ಜಗಳದ ಮೇಲೆ, ಎದುರು ನಿಂತು ಒಂದು ಮಾತನ್ನು ಕೊನೆಯವರೆಗೆ ನೆಟ್ಟಗೆ ಆಡಬಲ್ಲೆನೆಂಬ ನಂಬಿಕೆ ನನಗೆ ಉಳಿದಿಲ್ಲ. ಹತ್ತು ದಿನ ನಿನ್ನ ಜೊತೆ ಬಂದು ಇದ್ದು ಹೋಗುತ್ತೇನೆ ಎಂದದ್ದಕ್ಕೆ ನೀನು, "ನಿನಗೆ ಕಳಿಸಿಕೊಡುವುದಕ್ಕೇ ಬರುವುದಿಲ್ಲ, ಅಮ್ಮ" ಎಂದು ಹೇಳಿದೆ. ಶಾಲೆ ಬಿಡುವ ಸಮಾರಂಭದ ದಿನ ನಿನ್ನ ಗೆಳತಿಯರೆಲ್ಲ ಹಾಡುತ್ತ ಅಳುತ್ತಿದ್ದಾಗ, ಹೊರಗೆ ಬಂದ ನಿನಗೆ ನಾನು "ಇದಕ್ಕೆಲ್ಲ ಅಳುವುದೇ, ಫೋನಿನ ಲೈನ್ ಆ್ಯಪ್‌ನಲ್ಲಿ ದಿನಾ ಸಿಗುತ್ತಾರಲ್ಲ" ಎಂದದ್ದು ನಿನ್ನ ಮನಸ್ಸಿನಲ್ಲಿ ಹಾಗೆಯೇ ಉಳಿದಿತ್ತೆಂಬುದು ಆಗ ತಿಳಿಯಿತು.

ಆ ರಾತ್ರಿಯಿಂದ ನಾನು ಪರೀಕ್ಷೆಗೆ ಓದುವವಳಂತೆ ಈ ದೇಶದ ಮಾರ್ಚ್ ತಿಂಗಳ ಹಾಡುಗಳ, ಶಾಲೆ ಬಿಡುವಾಗ ಹಾಡುವ ಹಾಡುಗಳ ಬಗ್ಗೆ ಓದುತ್ತಿದ್ದೇನೆ. ಇಲ್ಲಿಯೇ ಬೆಳೆದ ನಿನಗೆ ಇದರಲ್ಲಿ ಹೊಸತೇನೂ ಇರಲಾರದು. ಆದರೂ ತಡವಾಗಿ ಶಾಲೆ ಸೇರಿದವಳ ಪಾಠವೆಂದು ಸಹಿಸಿಕೋ. ನಾವು ಈ ಊರಿಗೆ ಬಂದ ಹೊಸತರಲ್ಲಿ ಅಂಗಡಿಯೊಂದರಲ್ಲಿ ಸಂಜೆ ತೇಲಿ ಬಂದ ಇಂಪಾದ ರಾಗವೊಂದನ್ನು ಕೇಳುತ್ತ ನಾನು ಸೊಪ್ಪಿನ ಮುಂದೆ ನಿಂತುಬಿಟ್ಟಿದ್ದೆ. ಉಳಿದವರೆಲ್ಲ ಅವಸರದಿಂದ ಹಣ ಕೊಟ್ಟು ಹೊರಡುತ್ತಿದ್ದರು. ಅದು ಬಾಗಿಲು ಮುಚ್ಚುವ ಸೂಚನೆ ಎಂದು ತಿಳಿಯಲು ನನಗೆ ಕೆಲವು ತಿಂಗಳುಗಳೇ ಬೇಕಾದವು. ಸ್ಕಾಟ್ಲೆಂಡಿನ ಆ ರಾಗ 1881ರ ಶಾಲಾ ಹಾಡಿನ ಪುಸ್ತಕದ ಮೂಲಕ ಮಿಂಚುಹುಳದ ಬೆಳಕಿನ ಹಾಡಾಗಿ, 'ಹೊತಾರು ನೊ ಹಿಕಾರಿ'ಯಾಗಿ, ಇಲ್ಲಿನ ಮಕ್ಕಳ ಬಾಯಿಗೆ ಬಂತಂತೆ. ದೀಪಕ್ಕೆ ಎಣ್ಣೆಯಿಲ್ಲದ ಬಡ ವಿದ್ಯಾರ್ಥಿಗಳು ಮಿಂಚುಹುಳದ ಬೆಳಕಿನಲ್ಲಿ, ಕಿಟಕಿಯಾಚೆಯ ಹಿಮದ ಬೆಳಕಿನಲ್ಲಿ ಓದಿದರೆಂಬ ಚೀನಾದ ಹಳೆಯ ಕಥೆ ಅದರೊಳಗಿದೆ. ಅಂಗಡಿಯವರು ಅದನ್ನೇ ಮೂರು ಎಣಿಕೆಯ ತಾಳಕ್ಕೆ ತಿರುಗಿಸಿ ನುಡಿಸುತ್ತಾರೆ. ನಾನಂತೂ ಅದನ್ನು ಕೇಳಿದರೆ ಇವತ್ತಿಗೂ ಸೊಪ್ಪನ್ನೇ ನೆನೆಯುತ್ತೇನೆ.

ಸಕುರಾ, ಅಂದರೆ ಚೆರ್ರಿ ಹೂವು ಅರಳುವಾಗಲೇ ಶಾಲೆ ಮುಗಿದು ಮತ್ತೆ ತೊಡಗುವಂತೆ ಈ ಜನ ಬೇಕೆಂದೇ ಏರ್ಪಾಡು ಮಾಡಿಕೊಂಡಿದ್ದಾರೆ ಎಂದು ನಾನು ತಿಳಿದಿದ್ದೆ. ಹಾಗಲ್ಲವಂತೆ. 1886ರಲ್ಲಿ ಸರ್ಕಾರ ತನ್ನ ಆಯವ್ಯಯದ ವರ್ಷವನ್ನು ಏಪ್ರಿಲ್‌ಗೆ ತಂದಿತು, ಶಾಲೆಗಳು ಒಂದೊಂದಾಗಿ ಅದನ್ನು ಹಿಂಬಾಲಿಸಿದವು, ವಿಶ್ವವಿದ್ಯಾಲಯಗಳಂತೂ 1921ರ ಹೊತ್ತಿಗೆ ಆ ದಾರಿಗೆ ಬಂದವು. ಖಜಾನೆಯ ಲೆಕ್ಕಾಚಾರದಿಂದ ಹುಟ್ಟಿದ ಈ ದಿನಾಂಕಗಳ ಮೇಲೆ ಸಕುರಾ ತಾನಾಗಿ ಬಂದು ಉದುರಿತು, ಹಾಡು ಬರೆಯುವವರು ಅದನ್ನು ಬಿಡಲಿಲ್ಲ. ನೀನು ಹೋಗುವ ಊರಿನಲ್ಲಿ ಅದೂ ಹೊಂದುವುದಿಲ್ಲ. ಟೋಕಿಯೊದಲ್ಲಿ ಸರಾಸರಿ ಮಾರ್ಚ್ 24ರಂದು ಅರಳುವ ಹೂವು ಸಪ್ಪೊರೊದಲ್ಲಿ ಅರಳುವುದು ಮೇ 1ರ ಸುಮಾರಿಗೆ. ಅಲ್ಲಿನ ಮಕ್ಕಳು ಹಿಮದ ನಡುವೆ ನಿಂತು ಉದುರುವ ಹೂವಿನ ಬಗ್ಗೆ ಹಾಡುತ್ತಾರೆ. ನಿನಗೆ ಈ ವರ್ಷ ಎರಡು ವಸಂತಗಳು ಸಿಗುತ್ತವೆ ಎಂದು ನಿನ್ನ ಅಪ್ಪ ಸಂತೋಷಪಡುತ್ತಿದ್ದಾರೆ. ನಾನು ಉಣ್ಣೆಯ ಕಾಲುಚೀಲ ಎಣಿಸುತ್ತಿದ್ದೇನೆ.

ಈಗ ಮುಖ್ಯವಾದದ್ದಕ್ಕೆ ಬರುತ್ತೇನೆ. 'ತಬಿದಾಚಿ ನೊ ಹಿ ನಿ', ಅಂದರೆ 'ಹೊರಡುವ ದಿನದಂದು' ಎಂಬ ಹಾಡು ಹುಟ್ಟಿದ ಬಗೆಯನ್ನು ಓದಿದ ಮೇಲೆ ನನಗೆ ನಿದ್ರೆ ಬರಲಿಲ್ಲ. 1991ರಲ್ಲಿ, ಸಾಯ್ತಾಮಾದ ಚಿಚಿಬುವಿನ ಕಾಗೆಮೊರಿ ಶಾಲೆಯಲ್ಲಿ, ನಿವೃತ್ತಿಯ ಹೊಸ್ತಿಲಲ್ಲಿದ್ದ ಮುಖ್ಯೋಪಾಧ್ಯಾಯರು ಪದ್ಯ ಬರೆದರು, ಸಂಗೀತದ ಶಿಕ್ಷಕಿ ರಾಗ ಹಾಕಿದರು, ಹೊರಡಲಿರುವ ಮಕ್ಕಳ ಮುಂದೆ ಶಿಕ್ಷಕರೇ ನಿಂತು ಅದನ್ನು ಹಾಡಿದರು. ಒಮ್ಮೆ ಹಾಡಿ ಮುಗಿಸುವುದಕ್ಕೆಂದು ಮಾಡಿದ ಹಾಡು ಅದು. ಒಂದೇ ಸಲಕ್ಕೆಂದು ಮಾಡಿದ ಆ ಹಾಡು ಇಡೀ ದೇಶದ ಶಾಲೆಗಳಿಗೆ ಹಬ್ಬಿ ನಿನ್ನ ಪ್ರಾಥಮಿಕ ಶಾಲೆಗೂ ಬಂತು, ಆದರೆ ಅಲ್ಲಿ ನಿನಗೆ ಆ ಒಂದು ಸಲವೂ ಸಿಗಲಿಲ್ಲ.

2020ರ ಫೆಬ್ರವರಿ 27, ಗುರುವಾರ. ಸಂಜೆಯ ಸುದ್ದಿಯಲ್ಲಿ ಪ್ರಧಾನಿ ಸೋಮವಾರದಿಂದ ಶಾಲೆಗಳನ್ನು ಮುಚ್ಚುವಂತೆ ಕೇಳಿಕೊಂಡರು. ಮರುದಿನ ನೀನು ಬಣ್ಣದ ಪೆಟ್ಟಿಗೆ, ಕೊಳಲು, ಶಾಲೆಯೊಳಗೆ ತೊಡುವ ಬೂಟುಗಳು, ಎಲ್ಲವನ್ನೂ ಎರಡು ಕೈಯಲ್ಲಿ ಹೊತ್ತುಕೊಂಡು ಬಂದೆ. ಜನವರಿಯಿಂದ ಅಭ್ಯಾಸ ಮಾಡಿದ್ದ ಹಾಡು ನಿನ್ನೊಳಗೇ ಉಳಿಯಿತು. ಅದಾದ ಮೇಲೆ ಸುಮಾರು ಮೂರು ವಾರ ನೀನು ಪ್ರತಿದಿನ ಸಂಜೆ ಸ್ನಾನದ ತೊಟ್ಟಿಯಲ್ಲಿ ಕುಳಿತು ಹಾಡುತ್ತಿದ್ದೆ. ನಿನ್ನದು ಆಲ್ಟೊ, ಕೆಳದನಿ. ಹಾಡಿನ ಮೊದಲ ಭಾಗ ಎಲ್ಲರಿಗೂ ಒಂದೇ. ಆಮೇಲೆ ದನಿಗಳು ಬೇರೆಬೇರೆಯಾಗುತ್ತವೆ, ಅಲ್ಲಿಂದ ಮುಂದೆ ನೀನು ಹಾಡುತ್ತಿದ್ದದ್ದು ನನ್ನ ಕಿವಿಗೆ ಹಾಡಾಗಿಯೇ ಕೇಳುತ್ತಿರಲಿಲ್ಲ. ಊರಿನಲ್ಲಿ ಗೀತೆ, ವರ್ಣ ಎಂದು ನಾಲ್ಕು ವರ್ಷ ಕರ್ನಾಟಕ ಸಂಗೀತ ಕಲಿತ ನನಗೆ ಒಂದು ಹಾಡಿಗೆ ಒಂದೇ ದಾರಿ. ಟೀವಿಯಲ್ಲಿ ಕೇಳಿ ಮೇಲುದನಿ ನನಗೆ ಬಾಯಿಪಾಠವಾಗಿತ್ತು. ನಾನು ಬಾಗಿಲು ತಟ್ಟಿ, "ಅಪಸ್ವರ ಬರುತ್ತಿದೆ, ಅದಲ್ಲ, ಹೀಗೆ" ಎಂದು ಹಾಡಿ ತೋರಿಸಿದೆ. ಅಪ್ಪ ಆಫೀಸಿನ ಕರೆಯಲ್ಲಿದ್ದಾರೆ, ಸಣ್ಣಗೆ ಹಾಡು, ಎಂದೂ ಹೇಳಿದೆ. ನೀನು ಏನೂ ಉತ್ತರಿಸಲಿಲ್ಲ. ನೀರು ಅಲ್ಲಾಡುವ ಸದ್ದು ಮಾತ್ರ ಕೇಳಿತು. ಮರುದಿನದಿಂದ ನೀನು ಹಾಡಲಿಲ್ಲ.

ನನಗೆ ಆಗ ಸಮಾಧಾನವೇ ಆಯಿತು ಎಂಬುದನ್ನೂ ಬರೆಯಬೇಕು. ಹುಡುಗಿ ಮರೆತಳು, ಒಳ್ಳೆಯದಾಯಿತು ಎಂದುಕೊಂಡೆ. ಆ ಮಾರ್ಚ್ 14ಕ್ಕೇ, ಹಿಂದೆಂದಿಗಿಂತ ಮುಂಚೆ, ಟೋಕಿಯೊದ ಹೂವು ಅರಳಿತು. ತಿಂಗಳ ಕೊನೆಯ ಭಾನುವಾರ ಅದರ ಮೇಲೆ ಹಿಮ ಬಿತ್ತು. ನಡುವೆ ಒಂದು ದಿನ ಶಾಲೆಯಲ್ಲಿ ಮೊಟಕಾದ ಸಮಾರಂಭ ನಡೆಯಿತು, ಹಾಡಿನ ಜಾಗದಲ್ಲಿ ಸಿ.ಡಿ. ಹಾಕಿದರು, ಪೋಷಕರಿಗೆ ಪ್ರವೇಶವಿರಲಿಲ್ಲ. ನೀನು ಪ್ರಮಾಣಪತ್ರದ ಕೊಳವೆ ಹಿಡಿದು ಗೇಟಿನಿಂದ ಹೊರಗೆ ಬಂದಾಗ ನಾನು ಕೊಡೆ ತಂದಿದ್ದೀಯಾ ಎಂದು ಕೇಳಿದೆ. ಮಳೆ ಇರಲಿಲ್ಲ. ಬೇರೆ ಏನು ಕೇಳಬೇಕೆಂದು ತೋಚಿರಲಿಲ್ಲ.

2023ರಲ್ಲಿ, ನಿನಗೆ ಹದಿನೈದಾದಾಗ, ಸಮಾರಂಭಕ್ಕೆ ಮಾಸ್ಕ್ ತೆಗೆಯಬಹುದು, ಹಾಡುವಾಗ ಮಾತ್ರ ಹಾಕಿಕೊಳ್ಳಬೇಕು ಎಂಬ ವಿಚಿತ್ರ ವ್ಯವಸ್ಥೆಯಿತ್ತು. ನೀವು ಹಾಡಿದ್ದು ಗಾಯಕಿ ಆಂಜೆಲಾ ಅಕಿಯ 'ತೆಗಾಮಿ', ಹದಿನೈದರ ತನಗೆ ತಾನೇ ಬರೆದ ಪತ್ರದ ಹಾಡು. ಆಕೆ ಹದಿಹರೆಯದಲ್ಲಿ ಬರೆದಿಟ್ಟಿದ್ದ ಪತ್ರವನ್ನು ಮೂವತ್ತನೆಯ ಹುಟ್ಟುಹಬ್ಬಕ್ಕೆ ಅವಳ ತಾಯಿ ತೆಗೆದುಕೊಟ್ಟಳಂತೆ. ಅಂಥ ತಾಯಂದಿರೂ ಇದ್ದಾರೆ. ಹಿಂದಿನ ಸಾಲಿನಲ್ಲಿದ್ದ ನನಗೆ ಯಾವ ದನಿ ನಿನ್ನದೆಂದು ಗೊತ್ತಾಗಲಿಲ್ಲ.

ಈ ಮಾರ್ಚ್‌ನಲ್ಲಿ ಗೊತ್ತಾಯಿತು. ಸಮಾರಂಭದಲ್ಲಿ ಅದೇ 'ತಬಿದಾಚಿ'ಗೆ ಪಿಯಾನೊ ಮೊದಲಾಯಿತು, ಎಲ್ಲರೂ ಒಟ್ಟಿಗೆ ಹಾಡಿದರು, ದನಿಗಳು ಬೇರೆಯಾದವು, ಆಗ ಸ್ನಾನದ ಮನೆಯ ಆ ಕೆಳದನಿ ಬಂತು. ಆರು ವರ್ಷಗಳ ಹಿಂದೆ ಬಾಗಿಲಾಚೆಯಿಂದ ಕೇಳಿದ್ದ ಒಂದೊಂದು ಸ್ವರವೂ ಇದ್ದಲ್ಲೇ ಇತ್ತು. ಅದರ ಮೇಲೆ ಮೇಲುದನಿ ಕುಳಿತುಕೊಂಡಿತು. ನೀನು ತಪ್ಪು ಹಾಡಿರಲಿಲ್ಲ. ಅರ್ಧ ಹಾಡಿದ್ದೆ, ಉಳಿದರ್ಧ ಬೇರೆಬೇರೆ ಮನೆಗಳಲ್ಲಿ ಸಿಕ್ಕಿಕೊಂಡಿತ್ತು. ಅದು ತಿಳಿದ ಗಳಿಗೆಯಲ್ಲಿ ನನಗೆ ಎಂಥ ನಾಚಿಕೆಯಾಯಿತೆಂದರೆ, ಹೊರಗೆ ಬಂದು ನಿನ್ನ ಕೆಂಪಾದ ಕಣ್ಣು ನೋಡಿದ ಕೂಡಲೇ ಲೈನ್‌ನ ಆ ಮಾತು ಬಾಯಿಂದ ಬಂದುಬಿಟ್ಟಿತು. ಕ್ಷಮಿಸು. ಎರಡಕ್ಕೂ.

ಕಳಿಸಿಕೊಡುವುದು ನನಗೆ ಬರುವುದಿಲ್ಲ ಎಂದೆಯಲ್ಲ, ಅದು ನಿಜವಿರಬಹುದು. ನಮ್ಮ ಕಡೆ ಹೆಣ್ಣುಮಗಳನ್ನು ಕಳಿಸುವುದಕ್ಕೆ ಹಾಡುಗಳೇನೋ ಬೇಕಾದಷ್ಟಿವೆ, ಆದರೆ ಅವೆಲ್ಲ ಮದುವೆಯವು. ಸೋಬಾನೆ ಹೇಳಿ, ಮಡಿಲು ತುಂಬಿ, ಅತ್ತೆಯ ಮನೆಗೆ ಕಳಿಸುತ್ತಾರೆ. ಓದುವುದಕ್ಕೆ ಹೋಗುವ ಮಗಳಿಗೆ ನನ್ನ ತಾಯಿಗೂ ಹಾಡು ಗೊತ್ತಿರಲಿಲ್ಲ. ಎಸ್ಸೆಸ್ಸೆಲ್ಸಿಯ ಬೀಳ್ಕೊಡುಗೆಯಲ್ಲಿ ನಾವು ಆಟೋಗ್ರಾಫ್ ಪುಸ್ತಕ ತುಂಬಿಸಿ, ಫೋಟೋಕ್ಕೆ ನಿಂತು, ಮಾವಿನ ಕಾಲಕ್ಕೆ ಮನೆಗೆ ಹೋದೆವು. ಇಲ್ಲಿ ನೋಡು, ರೆಮಿಯೊರೊಮೆನ್ ತಂಡದ 'ಮಾರ್ಚ್ 9' ಗೆಳೆಯರ ಮದುವೆಗೆಂದು ಬರೆದ ಹಾಡಂತೆ, ಅದನ್ನು ಈ ಮಕ್ಕಳು ಶಾಲೆ ಬಿಡುವ ಹಾಡಾಗಿ ಮಾಡಿಕೊಂಡರು. ನಾವು ಹಾಗೆ ಒಂದನ್ನೂ ತೆಗೆದುಕೊಳ್ಳಲಿಲ್ಲವೇಕೋ. ನಮ್ಮಲ್ಲಿ 'ಹೋಗುತ್ತೇನೆ' ಎನ್ನಬಾರದು, 'ಹೋಗಿ ಬರುತ್ತೇನೆ' ಎನ್ನಬೇಕು. ನೀನು ಆರು ವರ್ಷದವಳಿದ್ದಾಗ 'ಇತ್ತೆಕಿಮಾಸು' ಎಂದರೂ ಅದೇ ಅಲ್ಲವೇ ಅಮ್ಮ ಎಂದು ನನಗೇ ಕಲಿಸಿದ್ದೆ.

ಹೊಸ ವಿದ್ಯಾರ್ಥಿಗಳನ್ನು ಸ್ವಾಗತಿಸುವ ಕೂಟಗಳು ಏಪ್ರಿಲ್ ಪೂರ್ತಿ ಇರುತ್ತವೆ. ಭೇಟಿಯ ಹಾಡುಗಳೂ ಇದೇ ವಸಂತದವು ಎಂದು ನೀನು ಹೇಳುತ್ತೀಯ, ಸರಿ. ಆದರೆ ಭೇಟಿಯಾದ ಮೊದಲ ವಾರವೇ ಲೋಟ ಮುಂದೆ ಹಿಡಿಯುವವರು ಇರುತ್ತಾರೆ. 2022ರ ಏಪ್ರಿಲ್‌ನಿಂದ ಹದಿನೆಂಟಕ್ಕೇ ವಯಸ್ಕರು ಎಂದು ಕಾನೂನು ಬದಲಾಗಿದೆ, ಮದ್ಯಕ್ಕೆ ಮಾತ್ರ ಇನ್ನೂ ಇಪ್ಪತ್ತೇ. ಕೋಣೆಯ ಕರಾರು, ಫೋನಿನ ಕರಾರು ಯಾವುದಕ್ಕೂ ಇನ್ನು ನಮ್ಮ ಸಹಿ ಬೇಕಿಲ್ಲ, ಹಾಗಾಗಿ ಎರಡು ಸಲ ಓದದೆ ಸಹಿ ಹಾಕಬೇಡ. ರಾತ್ರಿ ಹೆಪ್ಪುಗಟ್ಟಿದ ದಾರಿಯಲ್ಲಿ ಜೇಬಿನಲ್ಲಿ ಕೈಯಿಟ್ಟು ನಡೆಯಬೇಡ. ಹಾಡುವ ಮೇಳದ ಸಂಘಕ್ಕೆ ಸೇರು. ಓದು ಹಾಳಾಗುತ್ತದೆ ಎಂದು ನಾನು ಕಳೆದ ವರ್ಷ ಹೇಳಿದ್ದನ್ನು ಲೆಕ್ಕಕ್ಕೆ ತೆಗೆದುಕೊಳ್ಳಬೇಡ, ಆದರೆ ಓದನ್ನೂ ಕೈಬಿಡಬೇಡ. ಉಪದೇಶ ಮಾಡಬಾರದೆಂದು ನಿಶ್ಚಯಿಸಿ ಕುಳಿತಿದ್ದೆ, ನೋಡು.

ನಿನ್ನ ಬಗ್ಗೆ ನನಗೆಷ್ಟು ಹೆಮ್ಮೆ ಎಂಬುದನ್ನು ಊರಿಗೆ ಫೋನ್ ಮಾಡಿ ಎಲ್ಲರಿಗೂ ಹೇಳಿದ್ದೇನೆ, ನಿನಗೆ ಹೇಳಿಲ್ಲ. ನಾನು ಜೊತೆಗೆ ಬರುವುದಿಲ್ಲ. ವಿಮಾನ ನಿಲ್ದಾಣಕ್ಕೂ ಬರುವುದಿಲ್ಲ, ಅಲ್ಲಿಗೆ ನಿನ್ನ ಗೆಳತಿಯರು ಬರುತ್ತಾರಲ್ಲ, ಬಾಗಿಲಲ್ಲಿ ನಿಲ್ಲುತ್ತೇನೆ.

ಪೆಟ್ಟಿಗೆ ತುಂಬುವಾಗ ನಿನ್ನ ಮೇಜಿನ ಕೆಳಗಿನ ಖಾನೆಯಲ್ಲಿ 2020ರ ಸ್ವರದ ಹಾಳೆ ಸಿಕ್ಕಿತು. ಆಲ್ಟೊ ಸಾಲಿಗೆಲ್ಲ ಹಳದಿ ಬಣ್ಣ ಬಳಿದಿದ್ದೀಯ. ಉಸಿರೆಳೆದುಕೊಳ್ಳಬೇಕಾದ ಕಡೆಯಲ್ಲೆಲ್ಲ ಪೆನ್ಸಿಲಿನಲ್ಲಿ ಕನ್ನಡದ 'ಉ' ಬರೆದುಕೊಂಡಿದ್ದೀಯ. ಆ ಚಳಿಗಾಲದಲ್ಲಿ ನಾನು ನಿನಗೆ ಅಕ್ಷರ ತಿದ್ದಿಸುತ್ತಿದ್ದೆ. ಚಟ್ನಿಪುಡಿಯ ಡಬ್ಬ, ಉಣ್ಣೆಯ ಕಾಲುಚೀಲ, ಔಷಧಿ ಎಲ್ಲವೂ ಪೆಟ್ಟಿಗೆಯ ಬಲಬದಿಯಲ್ಲಿವೆ. ಹಾಳೆಯನ್ನು ಮಾತ್ರ ಇಟ್ಟಿಲ್ಲ. ಅದನ್ನು ಕೇಳಬೇಡ, ಅದು ನನ್ನ ಬಳಿಯೇ ಇರಲಿ.

ಇತಿ ನಿನ್ನ,
ಅಮ್ಮ